ಹೇರ್ ಡ್ರೈಯರ್ ಹಚ್ಚಿ ಹಿಡದ ಹಾಟ್ ಸ್ಟಾರ್ಟ್ ಫಾಲ್ಟ್ – ನನ್ನ ಅನುಭವ

ಹೇರ್ ಡ್ರೈಯರ್‌ಲೆ ಗಾಡಿಯ ಹಾಟ್ ಸ್ಟಾರ್ಟ್ ಫಾಲ್ಟ್ (ಎಂಜಿನ್ ಬಿಸಿ ಇದ್ದಾಗ ಚಾಲೂ ಆಗದ್ದು) ಹುಡುಕ್ತೇನಿ ಅಂದಾಗ ಸೊಸೈಟಿ ಪಾರ್ಕಿಂಗ್‌ನ್ಯಾಗ ನಕ್ಕ ಮಂದಿನ ಈಗ ತಮ್ಮ ಗಾಡಿ ತೋರಸಾಕ ಬರಾಕತ್ತಾರ. ಎಲ್ಲಾರಿಗೂ ಬ್ಯಾರೆ ಬ್ಯಾರೆ ಹೇಳೂದಕ್ಕಿಂತ ಬರದ ಬಿಡೋಣ ಅಂತ ಕುಂತೀನಿ.

ಗಾಡಿ 2004ರ ಪೆಟ್ರೋಲ್ ಸೆಡಾನ್, ಎಂಪಿಎಫ್ಐ (ಇಂಜೆಕ್ಟರ್ ಪೆಟ್ರೋಲ್ ಹೊಡಿಯೂ ಎಂಜಿನ್), 2 ಲಕ್ಷ 30 ಸಾವಿರದ ಮ್ಯಾಲ ಓಡೇತಿ. ಪುಣೆ ಆರ್‌ಟಿಓದಾಗ ಮತ್ತ ಪಾಸಿಂಗ್ ಮಾಡಿಸಿ, ಗ್ರೀನ್ ಟ್ಯಾಕ್ಸ್ ತುಂಬಿ ಇಟ್ಕೊಂಡೀನಿ, ಅಷ್ಟು ಸುಲಭ ಬಿಡಂಗಿಲ್ಲ. ಮುಂಜಾನೆ ಅರ್ಧ ಸೆಲ್ಫ್‌ಗೆ ಚಾಲೂ. ಆದ್ರ ಹುಬ್ಬಳ್ಳಿಗೆ ಹೊಂಟು, ಖಂಬಾಟಕಿ ಘಾಟ್ ಏರಿ, ಸಾತಾರಾದ ಹತ್ರ ಚಹಾಕ್ಕ ನಿಂತು ಕಾಲ್ ತಾಸ್ ಬಿಟ್ಟು ಚಾವಿ ತಿರಿವಿದ್ರ ಸ್ಟಾರ್ಟರ್ ಗರಗರ ತಿರಗತೈತಿ, ಎಂಜಿನ್ ಹಿಡಿಯಂಗಿಲ್ಲ. ಮುಕ್ಕಾಲ್ ತಾಸ್ ಬಾನೆಟ್ ತಗದಿಟ್ರ ಏನೂ ಆಗೇ ಇಲ್ಲ ಅನ್ನೋಹಂಗ ಚಾಲೂ.

ಒಂದು ಗ್ಯಾರೇಜಿನವ "ಸಾಹೇಬ, ಪಂಪ್ ಗೇಲಾ" (ಪೆಟ್ರೋಲ್ ಪಂಪ್ ಹೋತು) ಅಂದು ಪಂಪ್ ಬದಲಿಸಿ 4,500 ತಗೊಂಡ. ಎರಡು ವಾರ ಸುಮ್ಮನಿತ್ತು, ಯಾಕಂದ್ರ ಆಗ ಮಳಿ, ಥಂಡಿ! ಇನ್ನೊಬ್ಬ ಸ್ಟಾರ್ಟರ್ ಬಿಚ್ಚಿ ಕಾರ್ಬನ್ ಹಾಕಿ 2,800. ಅಲ್ರಿ, ಸ್ಟಾರ್ಟರ್ ಚೊಲೋ ತಿರಗತಿತ್ತಲ್ಲ, ಅದಕ್ಕೇನ್ ಕೈ ಹಚ್ಚೂದಿತ್ತು? ಸ್ಕ್ಯಾನರ್ ಹಚ್ಚಿದವ 500 ತಗೊಂಡು ಫಾಲ್ಟ್ ಕೋಡ್ ಇಲ್ಲ ಅಂದ. ಪಿಂಪ್ರಿ ಕಡೆ ನಮ್ಮ ಗದಗಿನವರ ಒಬ್ರು ವೈರಿಂಗ್ ಕೆಲಸದವ್ರು ಅದಾರ, ಅವ್ರು "ತಮ್ಮಾ, ಇಸಿಎಂ (ಎಂಜಿನ್ ಕಂಪ್ಯೂಟರ್) ಹೋಗೇತಿ, ಸೆಕೆಂಡ್‌ಹ್ಯಾಂಡ್ 9 ಸಾವಿರಕ್ಕ ಕೊಡಸ್ತೇನಿ" ಅಂದ್ರು. ಅಲ್ಲಿಗೆ ನಾನು ಕೈಮುಗದೆ.

ಆಮ್ಯಾಲ ಡಿಕ್ಕಿನ್ಯಾಗ ಪ್ರೆಷರ್ ಗೇಜ್, ಮೀಟರ್, ನಾಯ್ಡ್ ಲೈಟ್ (ಇಂಜೆಕ್ಟರ್‌ಗೆ ಸಿಗ್ನಲ್ ಬಂದ್ರ ಮಿಣುಕೂ ದೀಪ) ಇಟ್ಕೊಂಡ ಅಡ್ಡಾಡಿದೆ. ಗಾಡಿ ಕೈಕೊಟ್ಟಾಗ ನೋಡಬೇಕು ನೋಡ್ರಿ, ಚಾಲೂ ಆದ ಮ್ಯಾಲ ಏನ್ ನೋಡಿದ್ರೂ ಉಪಯೋಗಿಲ್ಲ. ಕೈಕೊಟ್ಟಾಗ ಇಂಜೆಕ್ಟರ್‌ಗೆ ಪೆಟ್ರೋಲ್ ಹಂಚೂ ರೇಲ್‌ನ್ಯಾಗ ಎರಡೂವರಿ ಬಾರ್ ಹತ್ರ ಪ್ರೆಷರ್ ನಿಂತಿತ್ತು, ಅಂದ್ರ ಪೆಟ್ರೋಲ್ ಅಲ್ಲಿ ತನಕ ಬಂದಿತ್ತು, ಪಂಪ್‌ದ್ದಲ್ಲ ತಕರಾರು. ಎಕ್ಸಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡದ್ರೂ ಫರಕ್ ಇಲ್ಲ, ಪ್ಲಗ್ ಒಣ, ಅಂದ್ರ ಪೆಟ್ರೋಲ್ ಜಾಸ್ತಿ ಆಗಿ ತೊಯ್ದಿದ್ದೂ ಅಲ್ಲ. ನಾಯ್ಡ್ ಲೈಟ್ ಮಿಣುಕಲಿಲ್ಲ, ಸ್ಪಾರ್ಕೂ ಇಲ್ಲ. ಮುಖ್ಯ ಏನಂದ್ರ ಸೆಲ್ಫ್ ಹೊಡೆಯೂವಾಗ ಆರ್‌ಪಿಎಂ ಮುಳ್ಳು ಒಂದೀಟು ಎಗರಬೇಕಲ್ಲ, ಅದು ಸತ್ತಂಗ ಬಿದ್ದಿತ್ತು. ಈ ಮುಳ್ಳು ನೋಡೂದು ಪುಕ್ಕಟೆ ಟೆಸ್ಟ್, ಯಾವ ಗ್ಯಾರೇಜಿನವನೂ ನೋಡ್ಲಿಲ್ಲ.

ಈಗ ಹೇರ್ ಡ್ರೈಯರ್, ಬಿಸಿಗೆ ಯಾವ ಭಾಗ ಕೈಕೊಡತೈತಿ ನೋಡಾಕ. ಮುಂಜಾನೆ ಎಂಜಿನ್ ಥಂಡಿ ಇದ್ದಾಗ ಒಂದೊಂದ ಭಾಗ ಬಿಸಿ ಮಾಡಿ ಸೆಲ್ಫ್ ಹೊಡಿಯೂದು. ಮೇನ್ ರಿಲೇ (ಇಸಿಎಂಗೆ ಕರೆಂಟ್ ಕೊಡೂ ಸ್ವಿಚ್), ಚಾಲೂ ಆತು. ಇಗ್ನಿಷನ್ ಕಾಯಿಲ್, ಚಾಲೂ. ಇಸಿಎಂ ಬೆಚ್ಚಗ ಅಷ್ಟ ಮಾಡಿದೆ, ಚಾಲೂ. ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರಗಾಕತ್ತೇತಿ ಅಂತ ಇಸಿಎಂಗೆ ಹೇಳೂದು, ಅದು ಸತ್ರ ಸ್ಪಾರ್ಕ್, ಇಂಜೆಕ್ಟರ್, ಆ ಮುಳ್ಳು ಎಲ್ಲಾ ಬಂದ್), ಅದಕ್ಕೂ ಚಾಲೂ! ಎಲ್ಲಾರೂ ನಕ್ಕಿದ್ದು ಅವಾಗ. ಆದ್ರ ಆ ಸೆನ್ಸರ್ ಎಕ್ಸಾಸ್ಟ್ ಬಾಜೂಕ ಕುಂತೈತಿ, ಗಾಡಿ ನಿಂತ ಮ್ಯಾಲ ಅಲ್ಲಿ ಬಿಸಿ ಇನ್ನೂ ಏರತೈತಿ, ದೂರದಿಂದ ಊದಿದ್ರ ಅಷ್ಟು ಮುಟ್ಟಂಗಿಲ್ಲ. ಅಡಗಿ ಮನಿ ಫಾಯಿಲ್ ಸುತ್ತಿ ಕೊಳವಿ ಮಾಡಿ ಸೆನ್ಸರ್ ಬುಡಕ್ಕ ಗಾಳಿ ಬಿಟ್ಟೆ, ಕನೆಕ್ಟರ್ ತಗದು ಮೀಟರ್ ಹಚ್ಚಿದೆ. ಥಂಡಿ ಇದ್ದಾಗ 880 ಓಮ್ ಸುಮಾರ, ಬಿಸಿ ಆದಂಗ 950, 1000, 1100 ದಾಟಿ ಒಮ್ಮೆಲೆ ಓಎಲ್, ಅಂದ್ರ ತಂತಿ ತುಂಡಾದಂಗ. ಒಳಗಿನ ತಂತಿ ಬಿಸಿಗೆ ಹಿಗ್ಗಿ ಬಿಟ್ಕೋತಿತ್ತು. ಹಸಿ ಅರಿವಿ ಇಟ್ಟೆ, ಮತ್ತ ಓಮ್ ತೋರಿಸ್ತು. ಹೆಂಡತಿನ್ನ ಕರದು ತೋರಿಸಿದೆ. "ಡ್ರೈಯರ್ ಒರಸಿ ಇಡ್ರಿ" ಅಂದ್ಲು, ಅಷ್ಟ.

ಈ ನಡುವ ಇ20 (20% ಎಥನಾಲ್ ಬೆರಸಿದ) ಪೆಟ್ರೋಲ್‌ದ್ದ ತಪ್ಪು ಅಂತ ಒಬ್ರು ಹಟ ಹಿಡದ್ರು, ಅದಕ್ಕ ಎಥನಾಲ್ ಬೆರಸದ 100 ಆಕ್ಟೇನ್‌ದ್ದು ಒಂದ್ ಹತ್ತು ಲೀಟರ್ ಹಾಕಿಸಿ ನೋಡೀನಿ, ಆಗ ಲೀಟರ್‌ಗೆ 160ರ ಆಸುಪಾಸು, ಏನೂ ಫರಕ್ ಆಗ್ಲಿಲ್ಲ. ಫ್ಯೂಲ್ ರೇಲ್‌ಗೆ ಫಾಯಿಲ್ ಟೇಪ್ ಸುತ್ತಿದ್ದೂ ಅಷ್ಟ, ಆದ್ರ ನೋಡಾಕ ಚಂದ ಕಾಣತೈತಿ ಅಂತ ಬಿಟ್ಟೀನಿ.

ಸೆನ್ಸರ್ ಪುಣೆಯ ನಾನಾ ಪೇಠದಾಗ 1,100 ಹತ್ರ ಬಿತ್ತು. 350ಕ್ಕೂ ಸಿಗತಿತ್ತು, ಪಿನ್ ಅಲ್ಲಾಡತಿದ್ವು, ಬ್ಯಾಡಂದೆ. ಹಳೇದು ಇಪ್ಪತ್ತು ವರ್ಷ ಕುಂತು ಬ್ಲಾಕ್‌ಗೆ ಕಚ್ಚಿತ್ತು, ಅದನ್ನ ಮುರೀದಂಗ ಹೆಂಗ ಹೊರಗ ತಗದೆ ಅನ್ನೂದು ಮಾತ್ರ ಹೇಳಂಗಿಲ್ಲ, ಗ್ಯಾರೇಜಿನವ್ರೂ ಕೇಳಾಕತ್ತಾರ. ವೈರ್‌ಗೆ ಹೀಟ್ ಸ್ಲೀವ್ ಒಂದು ಹಾಕೀನಿ. ಮೇ ತಿಂಗಳ ಬಿಸಲಾಗ ಕರಾಡ, ಕೊಲ್ಹಾಪುರ, ತವಂದಿ ಘಾಟ್ ಏರಿ ಎಲ್ಲಾ ಕಡೆ ಬೇಕಂತನ ಬಂದ್ ಮಾಡಿ ಚಾಲೂ ಮಾಡಿದೆ, ಅರ್ಧ ಸೆಲ್ಫ್.

ಬಾಜೂ ವಿಂಗಿನ ಕಾಕಾನ ಗಾಡಿ, ಅದೇ ಮಾಡೆಲ್, ಅದರ ಬ್ಯಾನಿ ಬ್ಯಾರೆ. ಬಂದ್ ಮಾಡಿ ಹತ್ತು ನಿಮಿಷದಾಗ ಪ್ರೆಷರ್ ಸೊನ್ನೆ, ಚಾವಿ ಮೂರು ಸಲ ಆನ್-ಆಫ್ ಮಾಡಿದ್ರ ಚಾಲೂ. ಪಂಪಿನ ವಾಲ್ವ್ ಪ್ರೆಷರ್ ಹಿಡ್ಯಾಕತ್ತಿಲ್ಲ, ಅಲ್ಲಿ ಡ್ರೈಯರ್ ಕೆಲಸಿಲ್ಲ. ನನ್ನ ಗಾಡಿಯಿಂದ ತಗದ ಹಳೇ ಪಂಪ್ ಇನ್ನೂ ಡಿಕ್ಕಿನ್ಯಾಗ ಐತಿ, ಟೆಸ್ಟ್ ಮಾಡೀನಿ, ಪ್ರೆಷರ್ ಗಟ್ಟಿ ಹಿಡಿತೈತಿ. 1,500 ಕೊಡ್ರಿ ಅಂದೇನಿ, ಕಾಕಾ 800ರ ಮ್ಯಾಲ ಏರವಲ್ರು.