ನಾಯಿ, ಬೆಕ್ಕಿನ ಊಟ ಬದಲಿಸುವಾಗ ಆತುರ ಬೇಡ

ಮೊಸರನ್ನ, ಮುದ್ದೆ ತಿಂದು ಬೆಳೆದ ನಾಯಿಗೆ ಇದ್ದಕ್ಕಿದ್ದಂತೆ ಬಟ್ಟಲು ತುಂಬ ಡ್ರೈ ಫುಡ್ (ಪ್ಯಾಕೆಟ್‌ನಲ್ಲಿ ಬರುವ ಒಣ ಕಾಳಿನಂಥ ಆಹಾರ) ಸುರಿದರೆ ಭೇದಿ ಶುರುವಾಗುವ ಸಾಧ್ಯತೆ ಜಾಸ್ತಿ. 'ಈ ಫುಡ್ ನಮ್ಮ ನಾಯಿಗೆ ಆಗಲ್ಲ' ಎಂದು ಅಲ್ಲಿಗೇ ಕೈಬಿಡುತ್ತಾರೆ. ಎಷ್ಟೋ ಸಲ ತೊಂದರೆ ಇರುವುದು ಫುಡ್‌ನಲ್ಲಲ್ಲ, ಅವಸರದಲ್ಲಿ. ಕರುಳಿನ ಬ್ಯಾಕ್ಟೀರಿಯಾಗಳು ಹಳೆಯ ಊಟಕ್ಕೆ ಒಗ್ಗಿರುತ್ತವೆ. ಹೊಸದಕ್ಕೆ ಹೊಂದಿಕೊಳ್ಳಲು ಅವಕ್ಕೆ ಸಮಯ ಬೇಕು. ನಾಯಿಗಾದರೆ 7ರಿಂದ 10 ದಿನ ಇಟ್ಟುಕೊಳ್ಳಿ.

ಮೊದಲು ಸರಿಯಾದ ದಿನ ಆರಿಸಿಕೊಳ್ಳಿ. ಮನೆ ಬದಲಿಸುವ ವಾರ, ಲಸಿಕೆ ಹಾಕಿಸಿದ ದಿನ, ದೀಪಾವಳಿಯ ಪಟಾಕಿ ಗಲಾಟೆ, ಇಂಥ ಹೊತ್ತಲ್ಲಿ ಬೇಡ. ಹೊಸದಾಗಿ ತಂದ ಮರಿಗೆ ಅದು ಮೊದಲಿದ್ದ ಕಡೆ ಏನು ಹಾಕುತ್ತಿದ್ದರೋ ಅದನ್ನೇ ಕೆಲವು ದಿನ ಮುಂದುವರಿಸಿ.

ಈಗ ಅಳತೆ. ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಬಟ್ಟಲು ಅನ್ನದ ಬದಲು ಒಂದು ಬಟ್ಟಲು ಡ್ರೈ ಫುಡ್ ಹಾಕಬಾರದು. 100 ಗ್ರಾಂ ಅನ್ನದಲ್ಲಿ ಸುಮಾರು 130 ಕ್ಯಾಲೊರಿ ಇದ್ದರೆ, ಅಷ್ಟೇ ತೂಕದ ಡ್ರೈ ಫುಡ್‌ನಲ್ಲಿ ಸಾಮಾನ್ಯವಾಗಿ 350ರ ಆಸುಪಾಸು ಇರುತ್ತದೆ. ಪ್ಯಾಕೆಟ್ ಹಿಂದೆ ನಾಯಿಯ ತೂಕಕ್ಕೆ ದಿನಕ್ಕೆಷ್ಟು ಗ್ರಾಂ ಎಂದು ಬರೆದಿರುತ್ತಾರೆ. ಅದು 200 ಗ್ರಾಂ ಎಂದುಕೊಳ್ಳಿ. ಮೊದಲ ಮೂರು ದಿನ 50 ಗ್ರಾಂ ಹೊಸದು, ಜೊತೆಗೆ ಹಳೆಯ ಊಟದ ಮುಕ್ಕಾಲು ಪಾಲು. ಮುಂದಿನ ಮೂರು ದಿನ 100 ಗ್ರಾಂ ಮತ್ತು ಅರ್ಧ ಪಾಲು. ಆಮೇಲೆ 150 ಗ್ರಾಂ ಮತ್ತು ಕಾಲು ಪಾಲು. ಹತ್ತನೆಯ ದಿನಕ್ಕೆ ಪೂರ್ತಿ ಹೊಸದು. ಕೈಯಳತೆ ನಂಬಬೇಡಿ, ಅಡುಗೆಮನೆಯ ತಕ್ಕಡಿ ಬಳಸಿ.

ಡ್ರೈ ಫುಡ್‌ನಲ್ಲಿ ನೀರಿನಂಶ ಸುಮಾರು ಶೇ 10 ಅಷ್ಟೇ. ನಾಯಿ ಮೊದಲಿಗಿಂತ ಜಾಸ್ತಿ ನೀರು ಕುಡಿಯುವುದು ಸಹಜ. ನೀರಿನ ಬಟ್ಟಲು ಯಾವಾಗಲೂ ತುಂಬಿರಲಿ. ತಿನ್ನಲಿ ಅಂತ ಸಾಂಬಾರ್ ಮಾತ್ರ ಬೆರೆಸಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿ, ಬೆಕ್ಕು ಎರಡರ ಕೆಂಪು ರಕ್ತಕಣಗಳಿಗೂ ಅಪಾಯ. ಬೇಕಿದ್ದರೆ ಬೆಚ್ಚಗಿನ ನೀರಲ್ಲಿ ನೆನೆಸಿ ಕೊಡಿ.

ದಿನಾ ಮಲ ನೋಡಿ. ಸ್ವಲ್ಪ ಮೆತ್ತಗಾದರೆ ಹಿಂದಿನ ಅಳತೆಗೆ ಮರಳಿ, ಗಟ್ಟಿಯಾಗುವವರೆಗೆ ಅಲ್ಲೇ ನಿಲ್ಲಿ. ರಕ್ತ ಕಂಡರೆ, ಪದೇ ಪದೇ ವಾಂತಿಯಾದರೆ, ಮಂಕಾಗಿ ಮಲಗಿಬಿಟ್ಟರೆ ಪಶುವೈದ್ಯರ ಹತ್ತಿರ ಕರೆದೊಯ್ಯಿರಿ. ಮರಿಗಳ ವಿಷಯದಲ್ಲಂತೂ ಕಾಯಲೇಬೇಡಿ, ಬೇಗ ನಿತ್ರಾಣವಾಗುತ್ತವೆ.

ಬೆಕ್ಕಿನ ಕಥೆ ಬೇರೆ. 'ಹಸಿವಾದರೆ ತಾನೇ ತಿನ್ನುತ್ತೆ ಬಿಡಿ' ಎನ್ನುವ ಮಾತನ್ನು ಬೆಕ್ಕಿನ ವಿಷಯದಲ್ಲಿ ದಯವಿಟ್ಟು ಕೇಳಬೇಡಿ. ಎರಡು ಮೂರು ದಿನ ಊಟ ಬಿಟ್ಟರೆ, ಅದರಲ್ಲೂ ದಪ್ಪಗಿರುವ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಕುತ್ತು ಬರಬಹುದು. ಒಂದಿಡೀ ದಿನ ಏನೂ ಮುಟ್ಟದಿದ್ದರೆ ಹಳೆಯ ಊಟವನ್ನೇ ಕೊಟ್ಟು ವೈದ್ಯರಿಗೆ ಫೋನ್ ಮಾಡಿ. ಬೆರೆಸಿದ್ದನ್ನು ಒಪ್ಪದ ಬೆಕ್ಕಿಗೆ ಹಳೆಯದರ ಪಕ್ಕ ಇನ್ನೊಂದು ತಟ್ಟೆಯಲ್ಲಿ ಹೊಸದನ್ನು ಚೂರೇ ಚೂರು ಇಡಿ. ವೆಟ್ ಫುಡ್ (ನೀರಿನಂಶ ಹೆಚ್ಚಿರುವ ಮೆತ್ತಗಿನ ಆಹಾರ) ಆದರೆ ಉಗುರುಬೆಚ್ಚಗೆ ಮಾಡಿ, ವಾಸನೆಗೆ ಹತ್ತಿರ ಬರುತ್ತದೆ. ಎರಡು ಮೂರು ವಾರ ಹಿಡಿದರೂ ಚಿಂತೆಯಿಲ್ಲ.

ಹಾಲನ್ನ ತಿನ್ನುವ ಬೆಕ್ಕುಗಳ ಊಟವನ್ನಂತೂ ಬದಲಿಸಲೇಬೇಕು. ಬೆಕ್ಕಿಗೆ ಮಾಂಸದಲ್ಲಿ ಸಿಗುವ ಟಾರಿನ್ ಎಂಬ ಪೋಷಕಾಂಶ ಬೇಕೇ ಬೇಕು. ಅದು ಕಡಿಮೆಯಾದರೆ ಹೃದಯ ಸೋಲುತ್ತದೆ ಎಂಬುದನ್ನು 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನ ಪಶುವೈದ್ಯರು ತೋರಿಸಿಕೊಟ್ಟರು. ಕಣ್ಣೂ ಹೋಗಬಹುದು. ನಾಯಿಯ ಫುಡ್ ಹಾಕಿದರೂ ಈ ಕೊರತೆ ನೀಗುವುದಿಲ್ಲ.

ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವ ಪ್ರಾಣಿಗೆ ವೈದ್ಯರನ್ನು ಕೇಳದೆ ಒಂದು ಚಮಚವನ್ನೂ ಬದಲಿಸಬೇಡಿ. ಇನ್ಸುಲಿನ್ ಅಳತೆ ಊಟಕ್ಕೆ ತಕ್ಕಂತೆ ಗೊತ್ತು ಮಾಡಿರುತ್ತಾರೆ.