ಅಲಾರಂ ಆಫ್ ಆಯ್ತು ಅಂದ್ಕೊಂಡೆ

ಬೆಂಗಳೂರಲ್ಲಿ ಕೂತು ಇಂಗ್ಲೆಂಡಿನ ದಿನಸಿ ಅಂಗಡಿಗಳ ಫ್ರಿಜ್ ದೂರುಗಳನ್ನು ಫೋನಲ್ಲಿ ಬರೆದುಕೊಳ್ಳುವ ಕೆಲಸ ನನ್ನದು. ಸೇರಿ ಮೂರನೇ ವಾರ. ಬೆಳಗ್ಗೆ ಒಂಬತ್ತೂವರೆಗೆ ಒಂದು ಕರೆ ಬಂತು. ಬೇಸಿಗೆಯಲ್ಲಿ ಅವರು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಹಾಗಾಗಿ ಅಲ್ಲಿ ಬೆಳಗಿನ ಐದು. ಅಂಗಡಿ ತೆರೆಯಲು ಬಂದವರು ಯಾರೋ ನಿಧಾನವಾಗಿ ಹೇಳಿದರು: ‘ದಿ ಅಲಾರಂ ವೆಂಟ್ ಆಫ್ ಅಟ್ ಟೆನ್ ಲಾಸ್ಟ್ ನೈಟ್, ಅಂಡ್ ದಿ ಮಿಲ್ಕ್ಸ್ ಗಾನ್ ಆಫ್.’

ದನಿಯಲ್ಲಿ ಗಾಬರಿ ಏನೂ ಇರಲಿಲ್ಲ. ನಾನು ಥ್ಯಾಂಕ್ಸ್ ಹೇಳಿ ಬರೆದೆ: ‘ಅಲಾರಂ ರಾತ್ರಿ ಹತ್ತಕ್ಕೆ ನಿಂತಿದೆ. ಹಾಲು ಹೊರಟು ಹೋಗಿದೆ. ಸಮಸ್ಯೆ ಇಲ್ಲ.’ ಟಿಕೆಟ್ (ದೂರಿನ ದಾಖಲೆಗೆ ನಮ್ಮಲ್ಲಿ ಹಾಗಂತೀವಿ) ಮುಚ್ಚಿದೆ.

ಮಧ್ಯಾಹ್ನ ಅದೇ ಅಂಗಡಿಯಿಂದ ಮತ್ತೆ ಫೋನ್. ಈ ಸಲ ದನಿ ಬೇರೆಯೇ ಇತ್ತು. ಕೋಲ್ಡ್ ರೂಮ್ ಕೆಟ್ಟಿತ್ತು, ಅಲಾರಂ ಹತ್ತಕ್ಕೆ ಬಡಿದುಕೊಂಡಿತ್ತು, ಕೇಳಲು ಯಾರೂ ಇರಲಿಲ್ಲ, ಹಾಲೆಲ್ಲ ಹಾಳಾಗಿತ್ತು. ಮೆಕ್ಯಾನಿಕ್ ಯಾಕೆ ಬಂದಿಲ್ಲ ಅಂತ ಅವರ ಪ್ರಶ್ನೆ. ನಮ್ಮ ಟೀಮ್ ಲೀಡ್ ಮೇಡಂ ನನ್ನ ಟಿಕೆಟ್ ಓದಿ, ಬಯ್ಯಬೇಕೋ ನಗಬೇಕೋ ಗೊತ್ತಾಗದೆ ಸುಮ್ನೆ ನಿಂತರು.

ತಪ್ಪು ಎಲ್ಲಿಂದ ಬಂತು ಅಂತ ಆಮೇಲೆ ಹೊಳೆಯಿತು. ನಮ್ಮ ಮನೆಗಳಲ್ಲಿ ‘ಆಫ್’ ಅಂದರೆ ಸ್ವಿಚ್ಚಿನ ಪದ. ಫ್ಯಾನ್ ಆಫ್ ಮಾಡು, ಮೋಟಾರ್ ಆಫ್ ಆಯ್ತಾ? ಆಫ್ ಅಂದರೆ ನಿಂತಿತು, ಅಷ್ಟೇ. ಇಂಗ್ಲಿಷಿನವರಿಗೆ ಅದು ಮೊದಲು ‘ಇಲ್ಲಿಂದ ಆಚೆಗೆ’ ಅನ್ನುವ ಪದ. ಅಲಾರಂ, ಬಂದೂಕು, ಬಾಂಬು ಮೂರರಲ್ಲೂ ಏನೋ ಒಂದನ್ನು ಬಿಗಿದು ಹಿಡಿದಿಟ್ಟಿರುತ್ತಾರೆ. ಹಿಡಿತ ತಪ್ಪಿದರೆ ಅದು ಚಿಮ್ಮುತ್ತದೆ. ಆಗ ‘ವೆಂಟ್ ಆಫ್’. ನಾವೂ ಗುಂಡು ‘ಹಾರಿತು’ ಅಂತೀವಿ ಅಲ್ವಾ? ಹಾಲಿಗೆ ಬಂದರೆ, ಅದು ತನ್ನ ಒಳ್ಳೇ ಸ್ಥಿತಿಯಿಂದ ಆಚೆ ಹೋಗಿದೆ. ನಾವು ‘ಕೆಟ್ಟು ಹೋಯ್ತು’ ಅನ್ನುವಾಗ ಆ ‘ಹೋಯ್ತು’ ಮಾಡುವ ಕೆಲಸವೂ ಹೆಚ್ಚುಕಮ್ಮಿ ಅದೇ.

ಮೊದಲು ಡಿಕ್ಷನರಿಯಿಂದ ಅರ್ಥಗಳ ಪಟ್ಟಿ ಬರೆದು ಮಾನಿಟರಿಗೆ ಅಂಟಿಸಿದೆ. ಒಂದು ಪೈಸೆ ಉಪಯೋಗ ಆಗಲಿಲ್ಲ. ಫೋನಲ್ಲಿ ಮಾತು ಓಡುತ್ತಿರುವಾಗ ಏಳನೇ ಅರ್ಥ ಯಾವುದು ಅಂತ ಯಾರು ನೋಡುತ್ತಾ ಕೂರುತ್ತಾರೆ?

ಕೊನೆಗೆ ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡೆ. ವೆಂಟ್ ಆಫ್, ಗಾನ್ ಆಫ್ ಎರಡಕ್ಕೂ ಮೂಲವಾದ ‘ಗೋ ಆಫ್’ ಅನ್ನು ಬರೆಯಲೇ ಇಲ್ಲ. ಎಡಗಡೆ ‘ಯಾವುದು’ ಹೋಯಿತು ಅಂತ, ಬಲಗಡೆ ಅದಕ್ಕೆ ನಮ್ಮನೆಯಲ್ಲಿ ಏನಂತೀವಿ ಅಂತ. ಅಲಾರಂ: ಹೊಡ್ಕೊಳ್ತು. ಲೈಟು: ಹೋಯ್ತು. ಬಾಂಬು: ಸಿಡೀತು. ಮೀಟಿಂಗ್: ನಡೀತು. ಮನುಷ್ಯ ಊರಿಗೆ: ಹೊರಟ. ಅರ್ಥ ಇರುವುದು ಕ್ರಿಯಾಪದದಲ್ಲಿ ಕಮ್ಮಿ, ಅದರ ಮುಂದೆ ಕೂತ ವಸ್ತುವಿನಲ್ಲಿ ಜಾಸ್ತಿ. ‘ಲೈಟ್ಸ್ ವೆಂಟ್ ಆಫ್, ದೆನ್ ದಿ ಅಲಾರಂ ವೆಂಟ್ ಆಫ್’ ಅಂತ ಒಬ್ಬರು ಹೇಳಿದಾಗ ಒಂದು ನಿಂತಿದ್ದು, ಇನ್ನೊಂದು ಶುರುವಾಗಿದ್ದು, ಎರಡೂ ತಡವರಿಸದೆ ಅರ್ಥವಾಯಿತು. ಆ ದಿನ ನನಗೆ ನಾನೇ ಒಂದು ಮಸಾಲೆ ದೋಸೆ ಕೊಡಿಸಿಕೊಂಡೆ.

ತುಂಬಾ ಇಷ್ಟವಾದದ್ದು ‘ಐ ಹ್ಯಾವ್ ಗಾನ್ ಆಫ್ ಕಾಫಿ’. ಇಲ್ಲಿ ಕೆಟ್ಟಿದ್ದು ಕಾಫಿಯಲ್ಲ. ಮೊದಲು ಇಷ್ಟವಿತ್ತು, ಈಗ ಇಲ್ಲ. ಬಲಗಡೆ ಬರೆದೆ: ‘ಕಾಫಿ ಯಾಕೋ ಸೇರ್ತಾ ಇಲ್ಲ.’ ಇದು ಬ್ರಿಟನ್ನಿನವರ ಮಾತು. ಹಾಲು ಗೋ ಆಫ್ ಆಗುವುದೂ ಅಲ್ಲೇ ಜಾಸ್ತಿ. ಅಮೆರಿಕದವರ ಹಾಲು ಸಾಮಾನ್ಯವಾಗಿ ‘ಗೋಸ್ ಬ್ಯಾಡ್’. ಅಮೆರಿಕದಲ್ಲಿ ಯಾರಾದರೂ ನಿಮ್ಮ ಮೇಲೆ ‘ವೆಂಟ್ ಆಫ್’ ಅಂದರೆ ಚೆನ್ನಾಗಿ ರೇಗಾಡಿದರು ಅಂತ.

ಇಷ್ಟಾದರೂ ಅನುಮಾನ ಬಂದರೆ ನಾಚಿಕೆ ಬಿಟ್ಟು ಕೇಳುತ್ತೇನೆ: ‘ಈಗಲೂ ಶಬ್ದ ಬರ್ತಿದೆಯಾ?’ ಟಿಕೆಟ್ಟಿನಲ್ಲಿ ಗೋ ಆಫ್ ಅಂತ ಬರೆಯುವುದೇ ಇಲ್ಲ. ‘ಅಲಾರಂ ರ್‍ಯಾಂಗ್’, ‘ಮಿಲ್ಕ್ ಸ್ಪಾಯಿಲ್ಡ್’, ಮುಗೀತು.

ಪಕ್ಕದ ಸೀಟಿನವಳು ಲಕ್ನೋದವಳು, ಕನ್ನಡ ಕಲಿಯುತ್ತಿದ್ದಾಳೆ. ನನ್ನ ನೋಟ್‌ಬುಕ್ ನೋಡಿ ನಕ್ಕಿದ್ದಳು. ಮೊನ್ನೆ ಅವಳೇ ಬಂದು ಕೂತಳು. ಮಳೆ ಬಿಡ್ತು ಅಂದರೆ ನಿಂತಿತು, ಬಸ್ ಬಿಡ್ತು ಅಂದರೆ ಹೊರಟಿತು, ಮಲ್ಲಿಗೆ ಹೂ ಬಿಡ್ತು ಅಂದರೆ ಅರಳಿತು, ಹುಡುಗ ಗಡ್ಡ ಬಿಟ್ಟ ಅಂದರೆ ಬೆಳೆಸಿದ. ನಿಮಗೆಲ್ಲ ತಲೆ ಸರಿ ಇದೆಯಾ ಅಂತ ಕೇಳಿದಳು. ನಾನು ಡ್ರಾಯರಿನಿಂದ ಹೊಸ ನೋಟ್‌ಬುಕ್ ತೆಗೆದು ಅವಳ ಕೈಗೆ ಕೊಟ್ಟೆ. ಅಷ್ಟರಲ್ಲಿ ಟೀ ಮಾಡುವ ಅಣ್ಣ ಪ್ಯಾಂಟ್ರಿಯಿಂದ ಕೂಗಿದರು, ‘ಅಯ್ಯೋ, ಹಾಲು ಉಕ್ಕಿ ಹೋಯ್ತು!’

ಅವಳು ಪೆನ್ ಹಿಡಿದು ಕೇಳಿದಳು, ‘ಎಲ್ಲಿಗೆ ಹೋಯ್ತು?’