ಲಕ್ಕುಂಡಿ ಬದಿಯಲ್ಲಿ ಗೋಬರ್ ಗ್ಯಾಸ್ ಕಟ್ಟಿದ್ದು ಹೀಗೆ

ಲಕ್ಕುಂಡಿಯಂಥ ಊರಲ್ಲಿ ಗುದ್ದಲಿಗಿಂತ ಮೊದಲು ಅಳತೆ ಟೇಪು ಹಿಡಿಯಬೇಕು. ಕೇಂದ್ರ ಪುರಾತತ್ವ ಇಲಾಖೆ ಕಾಯ್ದಿಟ್ಟ ಗುಡಿ, ಬಾವಿಗಳ ಗಡಿಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. ಇದೆಲ್ಲ ದಾಟಿ, ಗದಗ ರಸ್ತೆಯ ಖಾನಾವಳಿಯ ಹಿತ್ತಲನ್ನು ಆರಿಸಿದೆವು. ಅದು ಊರಿಗೆ ಪಡುವಣಕ್ಕಿದೆ. ಪ್ರವಾಸಿಗರು ಹೆಚ್ಚು ಬರುವ ಚಳಿಗಾಲದಲ್ಲಿ ಮೂಡಣ ಗಾಳಿ ಬೀಸುವುದರಿಂದ ವಾಸನೆ ಗುಡಿಯತ್ತ ಸುಳಿಯುವುದಿಲ್ಲ.

ತೇಲುವ ಡ್ರಮ್ಮಿನ ಮಾದರಿ ಬೇಡವೆಂದೆವು. ಅದು ನೆಲದ ಮೇಲೆ ಎದ್ದು ಕಾಣುತ್ತದೆ. ದೀನಬಂಧು ಎಂಬ ಮಾದರಿಯಲ್ಲಿ ಅನಿಲ ಹಿಡಿದಿಡುವ ಇಟ್ಟಿಗೆಯ ಗುಮ್ಮಟ ನೆಲದೊಳಗೇ ಕೂರುತ್ತದೆ.

ದಿನಕ್ಕೆ 6 ಘನಮೀಟರ್ ಅನಿಲಕ್ಕೆ 150 ಕೆಜಿ ಹೆಂಡಿ, ಅಷ್ಟೇ ನೀರು. ಅಂದರೆ ಸುಮಾರು 15 ದನ. ಹೆಂಡಿ, ನೀರು ಕಲಸಿದ ಬಗ್ಗಡ 40 ದಿನ ಒಳಗೆ ನಿಲ್ಲಬೇಕಾದ್ದರಿಂದ ಅದಕ್ಕೇ 12 ಘನಮೀಟರ್ ಜಾಗ ಬೇಕು. ಹೋಟೆಲ್ಲಿನ 19 ಕೆಜಿ ಸಿಲಿಂಡರ್ ಹೆಚ್ಚುಕಡಿಮೆ ವಾರಕ್ಕೊಂದು ಉಳಿಯುತ್ತದೆ.

ನಿಜವಾದ ತೊಡಕು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರಿಯುತ್ತದೆ. ಅದರೊಂದಿಗೆ ಇಟ್ಟಿಗೆಯೂ ಸೀಳುತ್ತದೆ. ಎರೆಯ ಮೇಲೇ ತಳ ಹಾಕಿದರೆ ಗುಮ್ಮಟ ಉಳಿಯುವುದಿಲ್ಲ. ಗಟ್ಟಿ ಗರಸು, ಅಂದರೆ ಕಲ್ಲುಹರಳಿನ ಮಣ್ಣು, ಸಿಗುವವರೆಗೆ ಅಗೆದು, ಗೋಡೆಯ ಸುತ್ತ ಒಂದೂವರೆ ಅಡಿ ಗರಸನ್ನೇ ತುಂಬಿ, ಪದರಪದರವಾಗಿ ನೀರು ಹೊಡೆದು ದಮ್ಮಸು ಮಾಡಿದೆವು. ಮಳೆನೀರು ಗುಂಡಿಯತ್ತ ಬರದಂತೆ ಮೇಲೆ ಇಳಿಜಾರು ಕೊಟ್ಟೆವು. ಗಿಲಾವು ಒಣಗಿದ ಮೇಲೆ ನೀರು ತುಂಬಿ ಗೆರೆ ಎಳೆದು, ಒಂದು ದಿನ ಬಿಟ್ಟು ನೋಡಬೇಕು. ನೀರು ಗೆರೆಯಿಂದ ತೀರ ಕೆಳಗಿಳಿದರೆ ಸೋರಿಕೆ ಇದೆ ಎಂದೇ ಅರ್ಥ. ಇದನ್ನು ಬಿಟ್ಟವರು ಹೆಂಡಿ ತುಂಬಿದ ಮೇಲೆ ಪರದಾಡುತ್ತಾರೆ.

ಪೈಪನ್ನು ಒಲೆಯಿಂದ ಗುಮ್ಮಟದ ಕಡೆಗೆ ಇಳಿಜಾರಾಗಿ ಎಳೆಯಿರಿ. ನಡುವೆ ಎಲ್ಲೇ ತಗ್ಗಿದ್ದರೂ ಆವಿ ನೀರಾಗಿ ನಿಂತು ಉರಿ ಕುಪ್ಪಳಿಸುತ್ತದೆ; ಅಲ್ಲಿ ನೀರು ಬಸಿಯುವ ನಲ್ಲಿ ಬೇಕು. ಕೊಳೆತ ಮೊಟ್ಟೆಯ ವಾಸನೆಗೆ ಪೈಪಿನಲ್ಲಿ ತುಕ್ಕು ಹಿಡಿದ ಕಬ್ಬಿಣದ ಪುಡಿಯ ಡಬ್ಬಿ ಕೂರಿಸಿದೆವು.

ಅನ್ನ, ಮುಸುರೆ ಒಮ್ಮೆಲೇ ಸುರಿದರೆ ಒಳಗೆ ಹುಳಿಯಾಗಿ ಅನಿಲ ನಿಲ್ಲುತ್ತದೆ. ಆಗ ಮುಸುರೆ ನಿಲ್ಲಿಸಿ, ಬರೀ ಹೊಸ ಹೆಂಡಿ ಹಾಕುತ್ತ ಕಾಯಬೇಕು.

ಹೊರಬರುವ ಬಗ್ಗಡದ ಮೇಲೆ ನನಗೆ ಹೆಚ್ಚು ಕಾಳಜಿ. ಲಕ್ಕುಂಡಿ ಬಾವಿಗಳ ಊರು. ಒಂದು ತೊಟ್ಟೂ ನೀರಿನತ್ತ ಹರಿಯಬಾರದು. ತಳಕ್ಕೆ ಗಿಲಾವು ಮಾಡಿದ ಎರಡು ಗುಂಡಿ, ಮೇಲೆ ಜೋಳದ ಕಣಿಕೆಯ ಹೊದಿಕೆ. ಒಂದು ತುಂಬಿದಾಗ ಇನ್ನೊಂದರ ಗೊಬ್ಬರ ಹೊಲಕ್ಕೆ ಹೋಗುತ್ತದೆ.